ಮರವಿಲ್ಲದ ಜಾಗ

ಮಾರ್ಲಿಸ್ ಮೂರನೆಯ ಸಲ ಟೆಂಟಿನ ಗೂಟ ಕೀಳತೊಡಗಿದಾಗ ಅವಳ ಗಂಡ ಡ್ವೇನ್ ಸುತ್ತಿಗೆಯನ್ನು ನೆಲಕ್ಕೆಸೆದು ಅದರ ಪಕ್ಕದಲ್ಲೇ ಕೂತುಬಿಟ್ಟ.

“ಈಗೇನಾಯ್ತು?”

“ಇದು ಬೇಡ.”

“ಹೊಳೆ ಪಕ್ಕ ಬೇಡ ಅಂದೆ. ಪೈನ್ ಮರದ ಕೆಳಗೆ ಬೇಡ ಅಂದೆ. ಇದು ದಾರಿ ಕೊನೆ, ಒಂದು ನರಪಿಳ್ಳೆ ಇಲ್ಲ, ಎಷ್ಟು ತಣ್ಣಗಿದೆ! ಇನ್ನೆಂಥದು ಬೇಕು ನಿಂಗೆ?”

“ಗೊತ್ತಿಲ್ಲ.”

ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಒಂಬತ್ತು ವರ್ಷದ ಟೆಸ್‌ಗೆ ಬೆಟ್ಟವೆಂದರೆ ಏನೆಂಬುದೇ ಮರೆತುಹೋಗುತ್ತದೆ ಎಂದು ಗಂಡನ ಬೆನ್ನು ಹತ್ತಿದವಳು ಅವಳೇ. ಎಲ್ಲಿ ಕುಡಿಯುವ ನೀರಿದೆ, ಎಲ್ಲಿ ಮಕ್ಕಳು ಆಡಬಹುದು ಎಂದು ಕೊಲರಾಡೋದ ಅರ್ಧದಷ್ಟು ಕ್ಯಾಂಪ್‌ಗ್ರೌಂಡುಗಳನ್ನು ಅಳೆದು ತೂಗಿ ಇದನ್ನು ಆರಿಸಿದವಳೂ ಅವಳೇ. ಈಗ ಕೈ ಮಾತ್ರ ತನ್ನಷ್ಟಕ್ಕೆ ತಾನು ಗೂಟ ಕೀಳುತ್ತಿತ್ತು.

ಅಷ್ಟರಲ್ಲಿ ಬ್ಯಾಟರಿ ಗಾಡಿ ಓಡಿಸಿಕೊಂಡು ವರ್ನಾ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಬೇಸಿಗೆಯಿಡೀ ಅಲ್ಲೇ, ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರುವ ತನ್ನ ಹಳೆಯ ಆರ್‌ವಿ ಬಂಡಿಯಲ್ಲಿದ್ದುಕೊಂಡು ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವವಳು.

“ನೋಡಮ್ಮ, ಹೊಳೆ ಪಕ್ಕದ ಜಾಗ ನೀನು ಬಿಟ್ಟು ಐದು ನಿಮಿಷ ಆಗಿಲ್ಲ, ಟೆಕ್ಸಸ್‌ನೋನೊಬ್ಬ ಮನೆಯಷ್ಟುದ್ದದ ಆರ್‌ವಿ ತಂದು ನುಗ್ಗಿಸಿದ. ಇದನ್ನೂ ಬಿಟ್ರೆ ನನ್ನ ಹತ್ರ ಬೇರೆ ಇಲ್ಲ. ಏನು ತೊಂದ್ರೆ ಹೇಳು. ಕಕ್ಕಸು ದೂರ ಆಯ್ತಾ? ಕರಡಿ ಭಯಾನಾ?”

“ಕರಡಿ ಆದ್ರೆ ಪರವಾಗಿಲ್ಲ,” ಎಂದಳು ಮಾರ್ಲಿಸ್. ಬಂದ ದಾರಿಯತ್ತ ನೋಡಿ ಕೇಳಿದಳು, “ಇಲ್ಲಿಂದ ಆಚೆ ಹೋಗೋಕೆ ಎಷ್ಟು ದಾರಿ ಇದೆ?”

“ಎಷ್ಟು ಅಂದ್ರೆ? ಬಂದ ದಾರಿ. ಒಂದೇ.”

ಕಾರಿನೊಳಗೆ ಕೂತು ಚಿಪ್ಸ್ ತಿನ್ನುತ್ತಿದ್ದ ಟೆಸ್ ತಲೆಯೆತ್ತದೆ ಹೇಳಿದಳು, “ನಮ್ಮನೆ ರಸ್ತೆಗೂ ಒಂದೇ ದಾರಿ ಇತ್ತು.”

“ಇತ್ತು ಅಂದ್ರೆ, ಪುಟ್ಟಿ?”

“ಕಾಡಿಗೆ ಬೆಂಕಿ ಬಿತ್ತಲ್ಲ, ಆಗ ಮನೆಗಳೆಲ್ಲ ಸುಟ್ಟೋದ್ವು. ನಮ್ದೂ.”

ಮಾರ್ಲಿಸ್ ಕೈಯಲ್ಲಿದ್ದ ಗೂಟವನ್ನೇ ನೋಡುತ್ತ ನಿಂತಳು. “ಒಂದು ಗಂಟೆ ಕಾರಲ್ಲೇ ಕೂತಿದ್ವಿ. ಮುಂದಿನ ಕಾರು ಕದಲ್ತಾನೇ ಇರ್ಲಿಲ್ಲ. ಎರಡೂ ಕಡೆ ಪೈನ್ ಮರ. ಇವಳು ಹೊರಗೆ ನೋಡ್ಬಾರ್ದು ಅಂತ ನಾನು ಹಾಡ್ತಾ ಇದ್ದೆ. ಏನು ಹಾಡಿದ್ನೋ, ನೆನಪೇ ಇಲ್ಲ.”

“ಮೊದಲೇ ಹೇಳ್ಬಾರ್ದಿತ್ತಾ?” ಎಂದ ಡ್ವೇನ್. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

“ನಂಗೇ ಈಗ ಗೊತ್ತಾಗಿದ್ದು ಡ್ವೇನ್.”

ವರ್ನಾ ಗಾಡಿ ತಿರುಗಿಸಿದಳು. “ಬನ್ನಿ ನನ್ನ ಹಿಂದೆ.”

ಅವಳು ಕರೆದೊಯ್ದದ್ದು ಕ್ಯಾಂಪ್‌ಗ್ರೌಂಡಿನ ಮುಖ್ಯ ಗೇಟಿನ ಹತ್ತಿರದ ಜಲ್ಲಿ ಹಾಕಿದ ಬಯಲಿಗೆ. ಊರಿಗೆ ಹೊರಡುವ ಆರ್‌ವಿಗಳು ಕೊಳಚೆ ತೊಟ್ಟಿ ಖಾಲಿ ಮಾಡುವ ಜಾಗ ಅದು. ಕೂಗಿದರೆ ಕೇಳುವಷ್ಟು ದೂರದವರೆಗೆ ಒಂದು ಮರವಿಲ್ಲ. ಒಂದು ಬದಿಗೆ ಹೆದ್ದಾರಿಗಿಳಿಯುವ ರಸ್ತೆ. ಇನ್ನೊಂದು ಬದಿಗೆ, ಸರಪಳಿ ಹಾಕಿದ ಕಬ್ಬಿಣದ ಗೇಟಿನಾಚೆ, ಹಿಂದೆ ಮರ ಸಾಗಿಸುತ್ತಿದ್ದ ಮಣ್ಣುದಾರಿ.

“ಇಷ್ಟು ಕುರೂಪಿ ಜಾಗ ಈ ಬೆಟ್ಟದಲ್ಲೇ ಇಲ್ಲ,” ಎಂದಳು ವರ್ನಾ. “ಇಲ್ಲಿ ಟೆಂಟ್ ಹಾಕೋ ಹಾಗೂ ಇಲ್ಲ. ನಾನಂತೂ ನೋಡಿಲ್ಲ. ಬೆಳಿಗ್ಗೆ ನಾತ ಬಂದ್ರೆ ನನ್ನ ಬೈಬೇಡಿ.” ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ಮಾರ್ಲಿಸ್‌ಳ ಅಂಗೈಯಲ್ಲಿಟ್ಟಳು. “ಆ ಗೇಟಿಂದು. ಹೋಗೋವಾಗ ಕೊಡು.”

ಜಲ್ಲಿಯಲ್ಲಿ ಗೂಟ ಇಳಿಯಲಿಲ್ಲ. ಡ್ವೇನ್ ಟೆಂಟಿನ ಹಗ್ಗಗಳನ್ನು ಕಾರಿನ ಚಕ್ರಗಳಿಗೇ ಬಿಗಿದ. ಟೆಸ್ ಸುತ್ತ ಒಮ್ಮೆ ಕಣ್ಣಾಡಿಸಿ, “ಅಮ್ಮಾ, ನಾವು ಬೆಟ್ಟಕ್ಕೆ ಬಂದಿದ್ದೀವಾ, ಪಾರ್ಕಿಂಗ್‌ಗೆ ಬಂದಿದ್ದೀವಾ?” ಎಂದಳು. ಮಾರ್ಲಿಸ್‌ಗೆ ನಗು ಬಂತು. ಬೆಳಗ್ಗೆಯಿಂದ ಅದೇ ಮೊದಲು.

ಬಿಸಿಲು ಇಳಿಯುವ ಹೊತ್ತಿಗೆ ತಟ್ಟೆಯಲ್ಲಿ ಸುಟ್ಟ ಜೋಳದ ತೆನೆಗಳನ್ನಿಟ್ಟುಕೊಂಡು ದಪ್ಪ ಮನುಷ್ಯನೊಬ್ಬ ನಡೆದು ಬಂದ. ಹೊಳೆಯ ಪಕ್ಕದ ಟೆಕ್ಸಸ್‌ನವನು. ಹೆಸರು ಲಾಯ್ಡ್.

“ಹೊಳೆ ಜಾಗ ಬಿಟ್ಟುಕೊಟ್ಟ ಪುಣ್ಯಾತ್ಗಿತ್ತಿ ನೀವೇ ತಾನೇ? ನನ್ನ ಹೆಂಡ್ತಿ ನಿಮ್ಮನ್ನ ಹರಸ್ತಾ ಇದ್ದಾಳೆ. ಅಲ್ಲ, ಅದನ್ನ ಬಿಟ್ಟು ಈ ಕೊಳಚೆ ಗುಂಡಿ ಪಕ್ಕ ಬಂದಿದ್ದೀರಲ್ಲ, ಇಲ್ಲೇನು ಚಿನ್ನ ಹೂತಿಟ್ಟಿದ್ದಾರಾ?”

“ಇಲ್ಲಿ ಮರ ಇಲ್ಲ. ದಾರಿ ಎರಡಿದೆ,” ಎಂದಳು ಮಾರ್ಲಿಸ್.

ಲಾಯ್ಡ್ ಗಹಗಹಿಸಿದ. ಬೇರೆ ಯಾರೂ ನಗಲಿಲ್ಲ. ಏನು ತಪ್ಪಾಯಿತೆಂದು ತಿಳಿಯದೆ ಅವನು ಡ್ವೇನ್‌ನ ಮುಖ ನೋಡಿದ, ಮಗುವಿನ ಮುಖ ನೋಡಿದ, ಹಗ್ಗ ಕಟ್ಟಿದ್ದ ಚಕ್ರಗಳನ್ನು ನೋಡಿದ.

“ಯಾವ ಊರು ನಿಮ್ದು?”

“ಹಾರ್ಲನ್ ರಿಜ್.”

ಆ ಊರಿನ ಸುದ್ದಿ ಟೆಕ್ಸಸ್‌ನ ಟಿವಿಗಳಲ್ಲೂ ಬಂದಿರಬೇಕು. ಲಾಯ್ಡ್ ತಟ್ಟೆಯನ್ನು ಕಾರಿನ ಮೇಲಿಟ್ಟ. ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೋದ.

ಅವರು ತೆನೆ ತಿಂದು ಮುಗಿಸುವಷ್ಟರಲ್ಲಿ ಹೊಳೆಯ ಕಡೆಯಿಂದ ಎಂಜಿನ್ ಸದ್ದು ಕೇಳಿತು. ಮೂವರೂ ತಿರುಗಿ ನೋಡಿದರು. ಲಾಯ್ಡ್‌ನ ಆರ್‌ವಿಯ ಪಕ್ಕ ಬಿಚ್ಚಿ ಕಟ್ಟಿದ್ದ ನೆರಳಿನ ಬಟ್ಟೆ, ಕುರ್ಚಿ, ಮೇಜು ಎಲ್ಲ ಮಡಚಿ ಒಳಗೆ ಹೋಗಿದ್ದವು. ಲಾಯ್ಡ್‌ನ ಹೆಂಡತಿ ದಾರಿಯ ನಡುವೆ ನಿಂತು ಎರಡೂ ಕೈ ಬೀಸುತ್ತಿದ್ದಳು. ಆ ಉದ್ದನೆಯ ಆರ್‌ವಿ ಪೀಂ ಪೀಂ ಎನ್ನುತ್ತ, ಜಾಗ ಬಿಡದೆ ಅಲ್ಲೇ ಹಿಂದೆ ಮುಂದೆ ಸರಿಯುತ್ತ, ತನ್ನ ಮೂತಿಯನ್ನು ಗೇಣು ಗೇಣಾಗಿ ಆಚೆ ಹೋಗುವ ರಸ್ತೆಯ ಕಡೆಗೆ ತಿರುಗಿಸಿಕೊಳ್ಳುತ್ತಿತ್ತು.