ಎರಡು ಡಿಗ್ರಿ

ಸಾರುವೆಯಿಂದ ಬಿದ್ದ ಪೇಂಟರ್‌ನ ಮಿದುಳು ಸತ್ತಿದೆ ಎಂಬ ಫಾರಂಗೆ ಸಹಿ ಹಾಕಲು ಡಾಕ್ಟರ್ ಪೆನ್ನು ತೆಗೆಯುವಷ್ಟರಲ್ಲಿ, ಹೆಡ್ ಸಿಸ್ಟರ್ ಅದರ ಮೇಲೆ ಥರ್ಮಾಮೀಟರ್ ಇಟ್ಟಳು. ಮೂವತ್ನಾಲ್ಕು ಡಿಗ್ರಿ ಸೆಲ್ಸಿಯಸ್.

“ಪರೀಕ್ಷೆ ಮಾಡುವಾಗ ಮೈ ಮೂವತ್ತಾರಾದ್ರೂ ಇರಬೇಕು ಸಾರ್. ಇಷ್ಟು ತಣ್ಣಗಿದ್ರೆ ಬದುಕಿರೋ ಮಿದುಳೂ ಸುಮ್ಮನಾಗಿಬಿಡುತ್ತೆ. ಇವನ ಬಿಸಿಗಾಳಿ ಹೊದಿಕೆ ಎಲ್ಲಿ?”

“ತೆಗೆಸಿಬಿಟ್ಟೆ. ಹೋದವನಿಗೆ ಅದ್ಯಾಕೆ ಸಿಸ್ಟರ್? ಅಲ್ಲಿ ಕಿಡ್ನಿಗೆ ಕಾಯೋರು ತುದಿಗಾಲಲ್ಲಿ ನಿಂತಿದ್ದಾರೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಗಷ್ಟೇ ಹೊರಗಿನ ಬೆಂಚಿನಲ್ಲಿ ಪೇಂಟರ್‌ನ ಅಮ್ಮ ಅಂಗದಾನಕ್ಕೆ ತಲೆಯಾಡಿಸಿ, ಸಿಸ್ಟರ್ ಕೈ ಹಿಡಿದು ಒಂದೇ ಮಾತು ಕೇಳಿದ್ದಳು: “ಸರಿಯಾಗಿ ನೋಡ್ತೀರಲ್ವಾ?” ಸಿಸ್ಟರ್ ಮೂಲೆಯಲ್ಲಿ ಬಿದ್ದಿದ್ದ ಹೊದಿಕೆ ತಂದು ಅವನ ಗಲ್ಲದವರೆಗೂ ಹೊದಿಸಿದಳು. ಫಾರಂ ಮಡಚಿ ತನ್ನ ಜೇಬಿಗೆ ಹಾಕಿಕೊಂಡಳು.

ಮೂರು ಗಂಟೆ ಕಳೆದ ಮೇಲೆ ಮೈ ಮೂವತ್ತಾರೂವರೆಗೆ ಬಂತು. ಡಾಕ್ಟರ್ ಗೊಣಗುತ್ತಲೇ ಮತ್ತೆ ಕಣ್ಣಿಗೆ ಟಾರ್ಚ್ ಬಿಟ್ಟರು, ವೆಂಟಿಲೇಟರ್ ಬಿಡಿಸಿ ಉಸಿರಿಗಾಗಿ ಕಾದರು. ಎದೆ ಏಳಲಿಲ್ಲ.

“ನಾನು ಆಗಲೇ ಹೇಳಲಿಲ್ವಾ?”

ಸಿಸ್ಟರ್ ಜೇಬಿನಿಂದ ಫಾರಂ ತೆಗೆದು, ಮಡಿಕೆ ಬಿಡಿಸಿ ಅವರ ಮುಂದಿಟ್ಟಳು.

“ಹೇಳಿದ್ರಿ ಸಾರ್. ನೋಡಿದ್ದು ಈಗ.”