ಬಂಗುಡೆಯ ಬೆನ್ನು ಹತ್ತಿದ ಊರು

ಕಡಲು ಬಿಸಿಯಾದಂತೆಲ್ಲ ನೀರಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಾದ ಪ್ಲವಕಗಳು ತಂಪು ನೀರು ಹುಡುಕಿಕೊಂಡು ಉತ್ತರಕ್ಕೆ ಹೊರಟವು. ಅವನ್ನು ತಿನ್ನುವ ಬಂಗುಡೆ ಮೀನು ಅವುಗಳ ಹಿಂದೆ, ಬಂಗುಡೆ ಹಿಡಿಯುವ ತೆಂಕುಕರೆ ಊರು ಅದರ ಹಿಂದೆ. ಮನೆ, ಶಾಲೆ, ಪಂಚಾಯಿತಿ ಎಲ್ಲವೂ ತೆಪ್ಪದ ಮೇಲೇ ಇದ್ದುದರಿಂದ ಊರು ಬಿಡುವ ಸಂಕಟ ಯಾರಿಗೂ ಇರಲಿಲ್ಲ. ಊರೇ ಹೊರಡುತ್ತಿತ್ತು.

ಜಲಜಕ್ಕನ ಮಗಳು ಪ್ರಮೀಳಾಳ ಮದುವೆಯ ಬೆಳಿಗ್ಗೆಯೂ ಹೊರಟಿತು. ಮುಹೂರ್ತಕ್ಕೆ ಎರಡು ಗಂಟೆ ಇರುವಾಗ ಗಂಡಿನ ತಂದೆ ಭೋಜ ಕರ್ಕೇರರ ಫೋನು ಬಂತು.

"ನಿಮ್ಮ ಊರು ಎಲ್ಲುಂಟು ಮಾರಾಯ್ರೆ? ನಿನ್ನೆ ಇಲ್ಲೇ ಇತ್ತಲ್ಲ!"

ಜಲಜಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು, ಊರು ನಡೆಸುವ ಸಂಜೀವಣ್ಣನ ಬಳಿಗೆ ಓಡಿದಳು. ಆತ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಪ್ಲವಕಕ್ಕೆ ಮುಹೂರ್ತ ಗೊತ್ತುಂಟಾ ಅಕ್ಕಾ? ಈಗ ನಿಂತರೆ ಊಟಕ್ಕೆ ಮೀನಿಲ್ಲ."

"ಮದುಮಗನೇ ಇಲ್ಲದೆ ಮೀನು ಯಾರಿಗೆ ಬಡಿಸುವುದು?" ಎಂದವಳೇ ಜಲಜಕ್ಕ ಲಂಗರನ್ನು ಕಾಲಿನಿಂದ ನೀರಿಗೆ ನೂಕಿದಳು. ಊರು ಗಕ್ಕನೆ ನಿಂತಿತು. ವಾಲಗದವರು ಪುರೋಹಿತರ ಮೇಲೆ ಬಿದ್ದರು.

ದಿಬ್ಬಣ ದೋಣಿಯಲ್ಲಿ ಬಂದು ಸೇರಿತು, ಧಾರೆಯೂ ಆಯಿತು. ಊಟಕ್ಕೆ ಕುಳಿತ ಕರ್ಕೇರರು ಎಲೆಯಲ್ಲಿ ಬೇಳೆ ಸಾರು ಕಂಡು ಮುಖ ಹುಳ್ಳಗೆ ಮಾಡಿದರು.

"ಇದೆಂಥದು ಜಲಜಕ್ಕ? ಬಂಗುಡೆ ಎಲ್ಲಿ?"

"ಅದು ಗೋವಾ ದಾಟಿತು. ಹುಡುಗಿ ನಿಂತಿದ್ದಾಳಲ್ಲ, ಸಾಕಾಗುವುದಿಲ್ಲವಾ?"

ಪಕ್ಕದಲ್ಲೇ ಕುಳಿತಿದ್ದ ಮದುಮಗ ಎಲೆಯನ್ನು ಮುಂದಕ್ಕೆ ಸರಿಸಿ, "ನನಗೆ ಇನ್ನೊಂದು ಸೌಟು ಸಾರು ಹಾಕಿ, ಅತ್ತೆ" ಎಂದ.