ಕನಸಿಗೆ ಬಾರದ ಅಮ್ಮ

ದತ್ತು ಕೂಸಿನ ಕನಸಿನಲ್ಲಿ ಹೊಸ ಅಮ್ಮ ಕಾಣಿಸಿಕೊಳ್ಳುವವರೆಗೆ ಆ ದೇಶದವರು ಕಾಗದಕ್ಕೆ ಸಹಿ ಹಾಕುವುದಿಲ್ಲ. ನಾಗವೇಣಿ ಅಲ್ಲಿಗೆ ಬಂದು ನಲವತ್ತು ದಿನವಾಗಿತ್ತು. ಹಾಲು ಕುಡಿಸಿ, ಎದೆಗವುಚಿಕೊಂಡು ಮಲಗಿಸಿದ್ದೇ ಬಂತು. ಎಂದಿನಂತೆ ಬೆಳಿಗ್ಗೆ ಅಧಿಕಾರಿ ಕೂಸಿನ ಕನಸನ್ನು ಪರದೆಯ ಮೇಲೆ ತೋರಿಸಿದಳು. ಕತ್ತಲಲ್ಲಿ ದುಂಡಗೆ ಆರು ನಕ್ಷತ್ರ, ಏಳನೆಯದರ ಜಾಗ ಖಾಲಿ.

“ಇವತ್ತೂ ನಾನಿಲ್ಲ ಕಣ್ರೀ. ಮೂರು ದಿನದಿಂದ ಬರೀ ಈ ನಕ್ಷತ್ರಾನೇ,” ಎಂದಳು ನಾಗವೇಣಿ, ಗಂಡ ರೇವಣ್ಣನಿಗೆ.

“ಕಿಟಕಿನೇ ಇಲ್ಲದ ಕೋಣೇಲಿ ನಕ್ಷತ್ರ ಎಲ್ಲಿ ನೋಡ್ತು ಇದು?” ರೇವಣ್ಣನಿಗೂ ತಲೆಬುಡ ತಿಳಿಯಲಿಲ್ಲ.

ನಾಳೆ ನೋಡೋಣವೆಂದು ಅಧಿಕಾರಿ ಪರದೆ ಆರಿಸಲು ಕೈಚಾಚಿದಳು. ಅಷ್ಟರಲ್ಲಿ ಎಚ್ಚರಗೊಂಡ ಕೂಸು ನಾಗವೇಣಿಯ ಮೂಗಿಗೆ ಕೈಹಾಕಿ, ಒಂದು ಹರಳು ಉದುರಿದ್ದ ಅವಳ ಏಳು ಕಲ್ಲಿನ ಮೂಗುತಿಯನ್ನು ಹಿಡಿದುಕೊಂಡಿತು.

“ತಡೀರಿ, ಆರಿಸಬೇಡಿ!” ಎಂದು ಕೂಗಿದ ರೇವಣ್ಣ.